ಮೆಕ್ಕೆಜೋಳದ ಬೆಲೆಗೆ ಎಥೆನಾಲ್ ನೆಲವೋ, ಏಣಿಯೋ?

ಗ್ರಾಫ್‌ಗುಂಡಣ್ಣ:
ಎರಡು ವಾರದಿಂದ ಒಂದೇ ಗ್ರಾಫ್ ನೋಡುತ್ತಾ ಕೂತಿದ್ದೇನೆ. ಷಿಕಾಗೋ ಪೇಟೆಯ ಮೆಕ್ಕೆಜೋಳದ ಧಾರಣೆ, 2000ದಿಂದ ಈಚೆಗೆ. ಮೊದಲ ಐದಾರು ವರ್ಷ ಬುಶೆಲ್‌ಗೆ ಎರಡು ಡಾಲರ್ ಆಸುಪಾಸಿನಲ್ಲಿ ಉಂಡು ಮಲಗಿದ ಹಾವಿನ ಹಾಗೆ ಬಿದ್ದಿದೆ. (ಒಂದು ಬುಶೆಲ್ ಅಂದರೆ 25.4 ಕಿಲೋ.) ಆಮೇಲೆ ಮೂರು ಡುಬ್ಬ. 2008ರ ಮಧ್ಯದಲ್ಲಿ 7 ಡಾಲರ್ ದಾಟಿತು. 2012ರ ಆಗಸ್ಟ್‌ನಲ್ಲಿ 8 ದಾಟಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಮತ್ತೆ 8ರ ಮೇಲೆ. ಮೂರು ಸಲವೂ ಇಳಿಯಿತು. 2024ರ ಆಗಸ್ಟ್‌ನಲ್ಲಿ 4ಕ್ಕಿಂತ ಕೆಳಗೆ ಬಂತು.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ಎಥೆನಾಲ್‌ಗೆ, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರಕ್ಕೆ, ಹೋಗುವ ಜೋಳ ಎಷ್ಟಿತ್ತು, ಎಷ್ಟಾಯಿತು ನೋಡಿ. 2000ದಲ್ಲಿ ಬೆಳೆಯ ನೂರಕ್ಕೆ ಆರೇಳು ಪಾಲು. ಈಗ ಮೂರರಲ್ಲಿ ಒಂದು ಪಾಲಿನ ಆಸುಪಾಸು.

ಒಂದು ಗುಂಪು ಹೇಳುತ್ತದೆ, ಎಥೆನಾಲ್ ಬಂದಿದ್ದರಿಂದಲೇ ಬೆಳೆಗಾರನಿಗೆ ಕಾಲೂರಲು ನೆಲ ಸಿಕ್ಕಿತು ಅಂತ. ಇನ್ನೊಂದು ಗುಂಪು, ತಟ್ಟೆಯಲ್ಲಿದ್ದದ್ದನ್ನು ಟ್ಯಾಂಕಿಗೆ ಸುರಿದು ಬೆಲೆಗೆ ಏಣಿ ಹಾಕಿದರು ಅನ್ನುತ್ತದೆ. ಇಬ್ಬರೂ ತೋರಿಸುವುದು ಇದೇ ಗ್ರಾಫನ್ನು. ಹಾಗಾದರೆ ಇದು ನೆಲವೋ, ಏಣಿಯೋ? ತಿಳಿದವರು ಹೇಳಿ. ಬರೀ ಬೈಗುಳ ಬೇಡ, ಅದು ಬೇರೆ ಕಡೆ ಧಾರಾಳವಾಗಿ ಸಿಗುತ್ತದೆ.

ಸಂತೆಮಾತು:
ಬೆಳೆದವನಿಗೆ ನಾಲ್ಕು ಕಾಸು ಜಾಸ್ತಿ ಸಿಕ್ಕ ಕೂಡಲೇ ಪಂಡಿತರಿಗೆಲ್ಲ ಬಡವರ ನೆನಪಾಗುತ್ತದೆ. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ಟ್ಯಾಂಕ್‌ಫುಲ್:
ಮುಗಿದಿಲ್ಲ ಸ್ವಾಮಿ. ದೊಡ್ಡ ಕಾರಿನ 25 ಗ್ಯಾಲನ್ (ಸುಮಾರು 95 ಲೀಟರ್) ಟ್ಯಾಂಕನ್ನು ಬರೀ ಎಥೆನಾಲ್‌ನಿಂದ ತುಂಬಿಸಲು 450 ಪೌಂಡ್ ಜೋಳ ಬೇಕು. ಅಂದರೆ 200 ಕಿಲೋ ಮೇಲೆ. ಅಷ್ಟು ಜೋಳದಲ್ಲಿ ಒಬ್ಬ ಮನುಷ್ಯನ ಒಂದು ವರ್ಷದ ಊಟದ ಕ್ಯಾಲರಿ ಇದೆ. ಈ ಲೆಕ್ಕ 2007ರಲ್ಲೇ ಬಂದಿತ್ತು. ಒಂದು ಟ್ಯಾಂಕ್, ಒಂದು ವರ್ಷದ ಊಟ. ಇದಕ್ಕಿಂತ ಏನು ಹೇಳಬೇಕು?

ಬಾಯ್ಲರ್‌ಭಟ್ಟ:
ಆ ಲೆಕ್ಕ ಕೇಳಿ ಕೇಳಿ ಕಿವಿ ತೂತಾಗಿದೆ. ಹನ್ನೊಂದು ವರ್ಷ ಧಾನ್ಯದ ಡಿಸ್ಟಿಲರಿಯಲ್ಲಿ ಕೆಲಸ ಮಾಡಿದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಯಾರೂ ಬರೀ ಎಥೆನಾಲ್ ತುಂಬಿಸುವುದಿಲ್ಲ. ಬ್ರೆಜಿಲ್ ಬಿಡಿ, ಅಲ್ಲಿ ಅದು ಹೆಚ್ಚಾಗಿ ಕಬ್ಬಿನದು. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ನೂರಕ್ಕೆ ಹತ್ತು ಪಾಲು ಬೆರೆಸಿದ ಪೆಟ್ರೋಲ್. ನಿಮ್ಮ 200 ಕಿಲೋ ಅಲ್ಲೇ 20 ಕಿಲೋಗೆ ಇಳಿಯಿತು.

ಎರಡನೆಯದು, ಜೋಳ ಪೂರ್ತಿ ಆವಿಯಾಗಿ ಹೋಗುವುದಿಲ್ಲ. ಕಾಳಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಪಿಷ್ಟ. ಹಿಟ್ಟು ಮಾಡಿ, ನೀರು ಸೇರಿಸಿ ಬೇಯಿಸಿ, ಕಿಣ್ವ ಹಾಕಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಯೀಸ್ಟ್ ಪ್ರೋಟೀನು, ಎಣ್ಣೆ, ನಾರು ಮುಟ್ಟುವುದಿಲ್ಲ. ಅದೆಲ್ಲ ತಳದಲ್ಲಿ ಉಳಿಯುತ್ತದೆ. ಒಣಗಿಸಿದರೆ ಅದೇ ಡಿಡಿಜಿಎಸ್, ದನಕ್ಕೂ ಕೋಳಿಗೂ ಹಾಕುವ ಮೇವು. ನಮ್ಮ ಕೈಲೆಕ್ಕ ಏನೆಂದರೆ ಮೂರರಲ್ಲಿ ಒಂದು ಪಾಲು ಎಥೆನಾಲ್, ಒಂದು ಪಾಲು ಗಾಳಿ, ಒಂದು ಪಾಲು ಮೇವು. ಒಂದು ಟನ್ ಜೋಳಕ್ಕೆ 400 ಲೀಟರ್ ಮೇಲೆ ಎಥೆನಾಲ್, ಸುಮಾರು 300 ಕಿಲೋ ಡಿಡಿಜಿಎಸ್.

ಹಾಗಾಗಿ "ಮೂರರಲ್ಲಿ ಒಂದು ಪಾಲು ಬೆಳೆ ಸುಟ್ಟರು" ಅನ್ನುವುದು ಅರ್ಧ ಸತ್ಯ. ಅದರಲ್ಲೂ ಮೂರನೇ ಒಂದು ಪಾಲು ಕೊಟ್ಟಿಗೆಗೆ ವಾಪಸ್ ಬರುತ್ತದೆ.

ಕೋಳಿಮನೆ:
ಭಟ್ರೇ, ವಾಪಸ್ ಬರುತ್ತದೆ ನಿಜ. ಯಾವ ರೂಪದಲ್ಲಿ ಬರುತ್ತದೆ ಅಂತ ನನ್ನನ್ನು ಕೇಳಿ. ನಾನು ಮೊಟ್ಟೆ ಕೋಳಿ ಸಾಕುವವಳು.

ಕೋಳಿಗೆ ಜೋಳ ಹಾಕುವುದೇ ಶಕ್ತಿಗೆ, ಅಂದರೆ ಆ ಪಿಷ್ಟಕ್ಕೆ. ನೀವು ಪಿಷ್ಟ ತೆಗೆದುಕೊಂಡು ಪ್ರೋಟೀನು ವಾಪಸ್ ಕೊಡುತ್ತೀರಿ. ಅದು ಸೋಯಾ ಹಿಂಡಿಗೆ ಸ್ವಲ್ಪ ಬದಲಿ ಆಗಬಹುದು, ಜೋಳಕ್ಕೆ ಆಗುವುದಿಲ್ಲ. ದನದ ಹೊಟ್ಟೆ ಏನಾದರೂ ಅರಗಿಸಿಕೊಳ್ಳುತ್ತದೆ, ಕೋಳಿಯ ಹೊಟ್ಟೆ ಹಾಗಲ್ಲ. ನೂರಕ್ಕೆ ಹತ್ತು ಹನ್ನೆರಡು ಪಾಲಿಗಿಂತ ಜಾಸ್ತಿ ಬೆರೆಸಲು ನನಗೆ ಧೈರ್ಯ ಬರುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಜೋಳದಲ್ಲಿ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಇದ್ದರೆ ಅದು ಬೇಯಿಸಿದರೂ ಹೋಗುವುದಿಲ್ಲ. ಕಾಳು ಮೂರು ಪಾಲಿನಿಂದ ಒಂದು ಪಾಲಿಗೆ ಇಳಿದಾಗ ವಿಷ ಮೂರು ಪಟ್ಟು ದಟ್ಟವಾಗುತ್ತದೆ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಲೋಡ್ ತರಿಸಿದೆ. ಒಂದೇ ವಾರಕ್ಕೆ ಮೊಟ್ಟೆ ಇಳಿಯಿತು. ಟೆಸ್ಟ್ ಮಾಡಿಸಿದರೆ ಅದೇ. ಅಗ್ಗದ ಲೋಡು ಅದೇ ವರ್ಷದ ದುಬಾರಿ ಲೋಡಾಯಿತು.

ಬಾಯ್ಲರ್‌ಭಟ್ಟ:
ಅಕ್ಕಾ, ಅದನ್ನು ಒಪ್ಪಿದೆ. ಬೂಷ್ಟು ಹಿಡಿದ ಕಾಳು ಅಗ್ಗಕ್ಕೆ ಬರುತ್ತದೆ ಅಂತ ಎಥೆನಾಲ್‌ಗೆ ತಳ್ಳುವವರು ಇದ್ದಾರೆ. ಎಥೆನಾಲ್‌ಗೆ ಏನೂ ಆಗುವುದಿಲ್ಲ, ಮೇವಿಗೆ ಆಗುತ್ತದೆ. ಒಳ್ಳೆಯ ಘಟಕದವರು ಕಾಳು ಇಳಿಸಿಕೊಳ್ಳುವಾಗಲೇ ಪರೀಕ್ಷೆ ಮಾಡುತ್ತಾರೆ.

ಕೋಳಿಮನೆ:
ಒಳ್ಳೆಯ ಘಟಕದವರು. ಹೂಂ.

ಮಳೆಹುಚ್ಚ:
ಗುಂಡಣ್ಣ ಹೇಳಿದ ಮೂರು ಡುಬ್ಬಕ್ಕೂ ಎಥೆನಾಲ್ ಕಾರಣ ಅಲ್ಲ ಅನ್ನುವುದು ನನ್ನ ವಾದ. 2012ರದ್ದು ಅಮೆರಿಕದ ಬರಗಾಲ. 2022ರದ್ದು ಯುದ್ಧ, ಕಪ್ಪು ಸಮುದ್ರದ ಬಂದರು ಬಂದ್, ಜೊತೆಗೆ ಗೊಬ್ಬರದ ಬೆಲೆ.

2008 ಅಂತೂ ಕಲಸುಮೇಲೋಗರ. ಆಸ್ಟ್ರೇಲಿಯಾದಲ್ಲಿ ಬರ ಬಂದು ಗೋಧಿ ಕೈಕೊಟ್ಟಿತ್ತು. ಕಚ್ಚಾತೈಲ 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿತ್ತು. ಟ್ರ್ಯಾಕ್ಟರು, ಗೊಬ್ಬರ, ಹಡಗು ಎಲ್ಲ ದುಬಾರಿ. ಅಕ್ಕಿ ನೋಡಿ, ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗೂ ಜಾಸ್ತಿ ಏರಿ ಟನ್‌ಗೆ 1000 ಡಾಲರ್ ಹತ್ತಿರ ಹೋಯಿತು. ಆಗ ಅಕ್ಕಿಯಿಂದ ಯಾರು ಎಥೆನಾಲ್ ಮಾಡುತ್ತಿದ್ದರು? ಯಾರೂ ಇಲ್ಲ ಅಂತಲೇ ಹೇಳಬಹುದು. ಭಾರತ, ವಿಯೆಟ್ನಾಂ ರಫ್ತು ನಿಲ್ಲಿಸಿದವು, ಕೊಳ್ಳುವವರು ಗಾಬರಿ ಬಿದ್ದರು, ಬೆಲೆ ಹಾರಿತು. ಅಷ್ಟೇ.

ಪಾಠಮೇಷ್ಟ್ರು:
ಮಳೆಹುಚ್ಚರು ಕಿಡಿ ಯಾವುದು ಅಂತ ಹೇಳಿದರು. ಹುಲ್ಲು ಯಾಕೆ ಒಣಗಿತ್ತು ಅಂತ ಹೇಳಲಿಲ್ಲ.

ಬರ ಹಿಂದೆಯೂ ಬರುತ್ತಿತ್ತು. ಉಗ್ರಾಣದಲ್ಲಿ ಕಾಳು ಇದ್ದರೆ ಬೆಲೆ ಸ್ವಲ್ಪ ಏರಿ ಸುಮ್ಮನಾಗುತ್ತದೆ. ಉಗ್ರಾಣ ಬರಿದಾಗಿದ್ದರೆ ಸಣ್ಣ ಸುದ್ದಿಗೂ ಹಾರುತ್ತದೆ. ಆದ್ದರಿಂದ ನೋಡಬೇಕಾದದ್ದು ವರ್ಷದ ಬಳಕೆಗೆ ಹೋಲಿಸಿದರೆ ವರ್ಷದ ಕೊನೆಗೆ ಎಷ್ಟು ದಾಸ್ತಾನು ಉಳಿಯಿತು ಎಂಬುದನ್ನು. 2012-13ರ ಕೊನೆಗೆ ಅಮೆರಿಕದಲ್ಲಿ ಜೋಳ ಉಳಿದದ್ದು ಬಳಕೆಯ ನೂರಕ್ಕೆ ಏಳೆಂಟು ಪಾಲು. ದಿನದ ಲೆಕ್ಕದಲ್ಲಿ ಒಂದು ತಿಂಗಳಿಗೂ ಕಡಿಮೆ.

ಈಗ ಎಥೆನಾಲ್ ವಿಷಯ. ಅಮೆರಿಕದಲ್ಲಿ 2005ರ ಕಾನೂನಿನಿಂದ ಮಿಶ್ರಣ ಕಡ್ಡಾಯವಾಯಿತು. 2007ರಲ್ಲಿ ಗುರಿ ಜಿಗಿಯಿತು. 2022ಕ್ಕೆ ಒಟ್ಟು 36 ಬಿಲಿಯನ್ ಗ್ಯಾಲನ್ ಜೈವಿಕ ಇಂಧನ, ಅದರಲ್ಲಿ ಜೋಳದ್ದು 15 ಬಿಲಿಯನ್ ದಾಟುವಂತಿಲ್ಲ ಅಂತ. ಈ ಬೇಡಿಕೆ ಬೆಲೆ ನೋಡಿ ಹುಟ್ಟಿದ್ದಲ್ಲ, ಕಾನೂನಿನಿಂದ ಹುಟ್ಟಿದ್ದು.

ಹತ್ತು ಜನ ಕೂರುವ ಬೆಂಚು ಅಂದುಕೊಳ್ಳಿ. ಹನ್ನೊಂದನೆಯವನು ಬಂದರೆ ಎಲ್ಲರೂ ಒಂದಿಷ್ಟು ಸರಿಯುತ್ತಾರೆ, ಜಾಗ ಆಗುತ್ತದೆ. ಅದರಲ್ಲಿ ಮೂವರು "ನಾವು ಸರಿಯಲ್ಲ, ನಮಗೆ ಆರ್ಡರ್ ಇದೆ" ಅಂತ ಕೂತರೆ? ಉಳಿದವರು ಇನ್ನಷ್ಟು ಒತ್ತಿಕೊಳ್ಳಬೇಕು. ತುದಿಯಲ್ಲಿದ್ದವನು ಬೀಳುತ್ತಾನೆ. ಕಡ್ಡಾಯ ಮಿಶ್ರಣ ಅಂದರೆ ಆ ಮೂವರು.

ಸಂತೆಮಾತು:
ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುವುದನ್ನು ಬಿಟ್ಟು ಬೆಂಚಿನ ಪಾಠ ಶುರು ಮಾಡಿದರು.

ಗ್ರಾಫ್‌ಗುಂಡಣ್ಣ:
😄 ಮೇಷ್ಟ್ರೇ, ಹಾಗಾದರೆ 2008ರಲ್ಲಿ ಎಥೆನಾಲ್ ಪಾಲು ಎಷ್ಟು? ಒಂದು ಅಂಕಿ ಕೊಡಿ.

ಪಾಠಮೇಷ್ಟ್ರು:
ಒಂದು ಕೇಳಿದರೆ ಎರಡು ಕೊಡುತ್ತೇನೆ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಮಿಚೆಲ್ 2008ರಲ್ಲಿ ಹೇಳಿದ್ದು ಏರಿಕೆಯ ನೂರಕ್ಕೆ 70ರಿಂದ 75 ಪಾಲು ಜೈವಿಕ ಇಂಧನ ಮತ್ತು ಅದರ ಬೆನ್ನಿಗೆ ಬಂದ ಪರಿಣಾಮಗಳಿಂದ ಅಂತ. ಕುಗ್ಗಿದ ದಾಸ್ತಾನು, ಬೇರೆ ಬೆಳೆಯಿಂದ ಜಮೀನು ತಿರುಗಿದ್ದು, ಸಟ್ಟಾ, ರಫ್ತು ನಿಷೇಧ ಎಲ್ಲವನ್ನೂ ಆ ಗಂಟಿನಲ್ಲೇ ಕಟ್ಟಿದ್ದರು. ಅದೇ ವರ್ಷ ಅಮೆರಿಕದ ಕೃಷಿ ಇಲಾಖೆ ಹೇಳಿದ್ದು ನೂರಕ್ಕೆ 2ರಿಂದ 3.

ಟ್ಯಾಂಕ್‌ಫುಲ್:
75ಕ್ಕೂ 3ಕ್ಕೂ ನಡುವೆ ಒಂದು ಊರೇ ಕಟ್ಟಬಹುದಲ್ಲ ಮಾರಾಯ್ರೆ!

ಪಾಠಮೇಷ್ಟ್ರು:
ಇಬ್ಬರೂ ಬೇರೆ ಬೇರೆ ವಸ್ತು ಅಳೆದಿದ್ದಾರೆ. ಒಬ್ಬರದು ಅಂತರರಾಷ್ಟ್ರೀಯ ಪೇಟೆಯಲ್ಲಿ ಧಾನ್ಯ, ಎಣ್ಣೆಕಾಳುಗಳ ಬೆಲೆ. ಇನ್ನೊಬ್ಬರದು ಗಿರಾಕಿ ಕೊಡುವ ಒಟ್ಟು ಆಹಾರದ ಬೆಲೆ. ಪೊಟ್ಟಣದಲ್ಲಿ ಬರುವ ತಿಂಡಿಯಲ್ಲಿ ಕಾಳಿನ ಖರ್ಚು ಎಷ್ಟಿರುತ್ತದೆ? ಸ್ವಲ್ಪ. ಉಳಿದದ್ದು ಕೂಲಿ, ಸಾಗಣೆ, ಜಾಹೀರಾತು. ಕಾಳನ್ನೇ ಕೊಂಡು ಬೀಸಿ ತಿನ್ನುವವನಿಗೆ ಹಾಗಲ್ಲ. ಕಾಳು ಏರಿದಷ್ಟೂ ಅವನ ತಟ್ಟೆಗೇ ತಗಲುತ್ತದೆ. 2007ರ ಜನವರಿಯಲ್ಲಿ ಮೆಕ್ಸಿಕೋದಲ್ಲಿ ಟೋರ್ಟಿಯಾ ಬೆಲೆಗೆ ಜನ ಬೀದಿಗಿಳಿದದ್ದು ಇದಕ್ಕೇ.

ಮಳೆಹುಚ್ಚ:
ಅವರು ತಿನ್ನುವುದು ಬಿಳಿ ಜೋಳ, ಎಥೆನಾಲ್‌ಗೆ ಹೋಗುವುದು ಹಳದಿ ಜೋಳ. ಅದನ್ನೂ ಹೇಳಿ.

ಪಾಠಮೇಷ್ಟ್ರು:
ಹೇಳುತ್ತೇನೆ. ಹಳದಿ ದುಬಾರಿಯಾದರೆ ಮೇವು ಕೊಳ್ಳುವವನು ಬಿಳಿಗೆ ಕೈ ಹಾಕುತ್ತಾನೆ. ಬೆಳೆಯುವವನು ಮುಂದಿನ ಸಲ ಹಳದಿ ಬಿತ್ತುತ್ತಾನೆ. ಎರಡು ಬಾವಿ ಅಂತ ಕಂಡರೂ ತಳದಲ್ಲಿ ಸೆಲೆ ಒಂದೇ.

ಅರ್ಧಕಾಳು:
ಸ್ವಲ್ಪ ಇರಿ. ಎಲ್ಲರೂ "ಜೋಳ ಜೋಳ" ಅನ್ನುತ್ತಿದ್ದೀರಿ. ಜೋಳ ಬೇರೆ, ಮೆಕ್ಕೆಜೋಳ ಬೇರೆ. ಜೋಳದಿಂದಲೂ ಎಥೆನಾಲ್ ಮಾಡುತ್ತಾರೆ, ಗೊಂದಲ ಮಾಡಬೇಡಿ.

ಸಂತೆಮಾತು:
ಮೆಕ್ಕೆಜೋಳ ಅಲ್ಲ, ಗೋವಿನಜೋಳ.

ಕೋಳಿಮನೆ:
ಮುಸುಕಿನ ಜೋಳ ಅನ್ನುವವರು ನಾವೂ ಇದ್ದೇವೆ. ನನ್ನ ಕೋಳಿಗಳಿಗೆ ಮೂರೂ ಒಂದೇ.

ಅರ್ಧಕಾಳು:
ಸರಿ ಬಿಡಿ. ನಾನು ಬೆಳೆಯುವವನು. ಇಲ್ಲಿ ತಿನ್ನುವವರ ಮಾತು ಬಂತು, ಕುದಿಸುವವರ ಮಾತು ಬಂತು, ಬೆಳೆಯುವವನ ಜೇಬಿಗೆ ಏನು ಬಂತು ಅಂತ ಯಾರೂ ಕೇಳಲಿಲ್ಲ.

ಬೆಲೆ ಏರಿದ ವರ್ಷ ಮೊದಲು ಗೊತ್ತಾಗುವುದು ಗೊಬ್ಬರದ ಅಂಗಡಿಯವನಿಗೆ. ಆಮೇಲೆ ಬೀಜದವನಿಗೆ. ಆಮೇಲೆ ಜಮೀನಿನ ಮಾಲೀಕನಿಗೆ. ನಾನು ಅರ್ಧ ಜಮೀನು ಗುತ್ತಿಗೆಗೆ ಮಾಡುತ್ತೇನೆ. ಏರಿದ ಮರುವರ್ಷ ಮಾಲೀಕ ಬಂದು "ಈಗ ನಿಮಗೆ ಒಳ್ಳೆ ಬೆಲೆ ಅಲ್ವಾ" ಅಂದ. ಗುತ್ತಿಗೆ ಏರಿಸಿದ. ಅದರ ಮುಂದಿನ ವರ್ಷ ಬೆಲೆ ಬಿತ್ತು. ನಾನು ಹೋಗಿ "ಈಗ ಬೆಲೆ ಇಲ್ಲ ಅಲ್ವಾ" ಅಂದೆ. ಅವನಿಗೆ ಕಿವಿ ಕೇಳಿಸಲಿಲ್ಲ.

ಇದು ನನ್ನೊಬ್ಬನ ಗೋಳಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ ಎಥೆನಾಲ್‌ಗೇ ಹೋಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯ ಪ್ರತಿ ವರ್ಷ ಜಮೀನಿನ ಬೆಲೆ ಸಮೀಕ್ಷೆ ಮಾಡುತ್ತದೆ. 2013ರಲ್ಲಿ ಎಕರೆಗೆ ಸರಾಸರಿ 8,716 ಡಾಲರ್. ಮೆಕ್ಕೆಜೋಳ ಬಿದ್ದಾಗ ಸ್ವಲ್ಪ ಇಳಿಯಿತು. 2022ರಲ್ಲಿ 11,411. ಕಾಳಿನ ಬೆಲೆ ಏರುತ್ತದೆ, ಇಳಿಯುತ್ತದೆ. ಜಮೀನಿನ ಬೆಲೆ ಏರುತ್ತದೆ, ಆಮೇಲೆ ಯೋಚನೆ ಮಾಡುತ್ತದೆ. ಎಥೆನಾಲ್ ನೆಲ ಹಾಕಿಕೊಟ್ಟಿದ್ದು ಹೌದು, ಆದರೆ ಆ ನೆಲ ಯಾರ ಹೆಸರಿನಲ್ಲಿದೆ ನೋಡಿ.

ಸಂತೆಮಾತು:
ಮೊದಲ ಕಮೆಂಟ್ ವಾಪಸ್ ತಗೊಂಡೆ. ಕೊನೆಯ ಸಾಲಿಗೆ ಒಂದು ಶಿಳ್ಳೆ.

ಗ್ರಾಫ್‌ಗುಂಡಣ್ಣ:
ಅರ್ಧಕಾಳು, ಇದು ಸಿಕ್ಕಿದ ಮೇಲೆ ನಾನೂ ಒಂದು ಲೆಕ್ಕ ಮಾಡಿದೆ. 2005ರ 2 ಡಾಲರ್‌ಗೆ ಅಮೆರಿಕದ ಹಣದುಬ್ಬರ ಸೇರಿಸಿದರೆ 2024ಕ್ಕೆ ಸುಮಾರು 3.2 ಡಾಲರ್ ಆಗುತ್ತದೆ. 2024ರ ತಗ್ಗಿನಲ್ಲೂ ಧಾರಣೆ 3.6ರ ಆಸುಪಾಸಿನಲ್ಲಿತ್ತು. ಅಂದರೆ ನೆಲ ಏರಿದ್ದು ಸುಳ್ಳಲ್ಲ, ಆದರೆ ಮೊಣಕಾಲುದ್ದ ಅಂದುಕೊಂಡಿದ್ದು ಗೇಣುದ್ದವೂ ಇಲ್ಲ.

ಮಳೆಹುಚ್ಚ:
ಇಳುವರಿ ಏರಿದ್ದನ್ನು ಮರೆಯಬೇಡಿ. ಬೆಲೆ ಬಂದ ಕೂಡಲೇ ಬ್ರೆಜಿಲ್, ಉಕ್ರೇನ್ ಎಲ್ಲ ಮೆಕ್ಕೆಜೋಳಕ್ಕೆ ಇಳಿದವು. ಬ್ರೆಜಿಲ್‌ನಲ್ಲಿ ಸೋಯಾ ಕೊಯ್ದ ಹೊಲದಲ್ಲೇ ಅದೇ ವರ್ಷ ಎರಡನೇ ಬೆಳೆಯಾಗಿ ಹಾಕುತ್ತಾರೆ. ಬೆಲೆ ಏರಿದಾಗ ಬಿತ್ತಿದ್ದು ಬೆಲೆ ಇಳಿದಾಗ ಕೊಯ್ಲಿಗೆ ಬರುತ್ತದೆ, ಇದು ಹಳೇ ಕಥೆ.

ಬಾಯ್ಲರ್‌ಭಟ್ಟ:
ನೆಲದ ಬಗ್ಗೆ ಇನ್ನೊಂದು ಮಾತು, ಈ ಸಲ ನನ್ನ ಪಕ್ಷದ ವಿರುದ್ಧವೇ. ಎಥೆನಾಲ್ ಜೊತೆ ಗಂಟು ಹಾಕಿಕೊಂಡ ಮೇಲೆ ಮೆಕ್ಕೆಜೋಳ ಕಚ್ಚಾತೈಲದ ಜೊತೆಗೂ ಗಂಟು ಹಾಕಿಕೊಂಡಂತೆ. 2020ರ ಏಪ್ರಿಲ್ ನೆನಪಿದೆಯಾ? ಕೋವಿಡ್ ಬಂದು ವಾಹನ ನಿಂತವು. ಅಮೆರಿಕದ ತೈಲದ ಫ್ಯೂಚರ್ಸ್ (ಮುಂಗಡ ವ್ಯಾಪಾರದ ದರ) ಒಂದು ದಿನ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್‌ಗೆ ಹೋಯಿತು. ಪೆಟ್ರೋಲೇ ಬೇಡವಾದರೆ ಅದಕ್ಕೆ ಬೆರೆಸುವುದು ಯಾರಿಗೆ ಬೇಕು? ಸಾಲು ಸಾಲಾಗಿ ಎಥೆನಾಲ್ ಘಟಕ ಮುಚ್ಚಿದವು. ಮೆಕ್ಕೆಜೋಳ 3 ಡಾಲರ್ ಹತ್ತಿರಕ್ಕೆ ಕುಸಿಯಿತು.

ತಮಾಷೆ ಏನೆಂದರೆ ಆಗ ಡಿಡಿಜಿಎಸ್ ಸಿಗದೆ ದನ ಸಾಕುವವರು ಒದ್ದಾಡಿದರು. ಸೋಡಾಕ್ಕೆ ಹಾಕುವ ಗ್ಯಾಸಿಗೂ ಕೊರತೆಯಾಯಿತು, ಅದೂ ನಮ್ಮ ಹುದುಗು ತೊಟ್ಟಿಯಿಂದಲೇ ಹೋಗುತ್ತಿತ್ತಲ್ಲ. ಬೇಡದ ಗಾಳಿ ಅಂದುಕೊಂಡಿದ್ದಕ್ಕೆ ಅವತ್ತು ಬೆಲೆ ಗೊತ್ತಾಯಿತು.

ಹಸಿರುಗಣ್ಣು:
ಬೆಲೆ ಬೆಲೆ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಹೊಗೆ, ಅಂದರೆ ಭೂಮಿ ಬಿಸಿ ಮಾಡುವ ಅನಿಲ, ಕಡಿಮೆ ಮಾಡುತ್ತೇವೆ ಅಂತಲೂ ಹೇಳಿದ್ದರು. ಅದಾದರೂ ಆಯಿತಾ?

2008ರಲ್ಲಿ ಅಮೆರಿಕದ ಸಂಶೋಧಕ ಟಿಮೊತಿ ಸರ್ಚಿಂಗರ್ ತಂಡ ಒಂದು ಪ್ರಶ್ನೆ ಎತ್ತಿತು. ಇಲ್ಲಿ ಕಾಳು ಟ್ಯಾಂಕಿಗೆ ಹೋದರೆ ಆ ಕಾಳಿನ ಜಾಗ ತುಂಬಲು ಇನ್ನೆಲ್ಲೋ ಕಾಡು, ಹುಲ್ಲುಗಾವಲು ಉತ್ತು ಹೊಲ ಮಾಡುತ್ತಾರೆ. ಮಣ್ಣಿನಲ್ಲಿದ್ದ ಇಂಗಾಲ ಗಾಳಿಗೆ ಹೋಗುತ್ತದೆ. ಅದನ್ನೂ ಸೇರಿಸಿದರೆ ಮೂವತ್ತು ವರ್ಷದ ಲೆಕ್ಕದಲ್ಲಿ ಮೆಕ್ಕೆಜೋಳದ ಎಥೆನಾಲ್ ಪೆಟ್ರೋಲಿನ ಹತ್ತಿರ ಹತ್ತಿರ ಎರಡು ಪಟ್ಟು ಹೊಗೆ ಮಾಡುತ್ತದೆ ಅಂದರು. 2022ರಲ್ಲಿ ಟೈಲರ್ ಲಾರ್ಕ್ ಮತ್ತು ಜೊತೆಗಾರರ ಅಧ್ಯಯನ ಬಂತು. ಅಮೆರಿಕದ ಕಡ್ಡಾಯ ಮಿಶ್ರಣ ಮೆಕ್ಕೆಜೋಳದ ಬೆಲೆಯನ್ನು ನೂರಕ್ಕೆ 30ರಷ್ಟು ಏರಿಸಿತು, ಹೊಗೆಯೂ ಪೆಟ್ರೋಲಿಗಿಂತ ಕಡಿಮೆ ಏನಿಲ್ಲ, 24ರಷ್ಟು ಜಾಸ್ತಿಯೇ ಇರಬಹುದು ಅಂತ.

ಬಾಯ್ಲರ್‌ಭಟ್ಟ:
ಅಮೆರಿಕದ ಕೃಷಿ ಇಲಾಖೆಯ 2019ರ ಅಧ್ಯಯನ ಪೆಟ್ರೋಲಿಗಿಂತ ನೂರಕ್ಕೆ 39ರಿಂದ 43ರಷ್ಟು ಕಡಿಮೆ ಹೊಗೆ ಅಂದಿತ್ತು. ಅದನ್ನು ಯಾಕೆ ಬಿಟ್ಟಿರಿ?

ಹಸಿರುಗಣ್ಣು:
ಬಿಟ್ಟಿಲ್ಲ, ನೀವು ಹೇಳುತ್ತೀರಿ ಅಂತ ಕಾಯುತ್ತಿದ್ದೆ. ಎಲ್ಲೋ ಉತ್ತ ಹುಲ್ಲುಗಾವಲನ್ನು ಎಷ್ಟು ಎಣಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಜಗಳ ಇರುವುದು ಕಾರ್ಖಾನೆಯ ಒಳಗಲ್ಲ, ಬೇಲಿಯ ಹೊರಗೆ.

ಇನ್ನೊಂದು ಮಾತು. 2007ರ ಕಾನೂನಿನಲ್ಲಿ ದಂಟು, ಹುಲ್ಲು, ಕಟ್ಟಿಗೆಯಿಂದ 2022ಕ್ಕೆ 16 ಬಿಲಿಯನ್ ಗ್ಯಾಲನ್ ಮಾಡುತ್ತೇವೆ ಅಂತ ಬರೆದಿದ್ದರು. ಕಾಳು ಮುಟ್ಟುವುದೇ ಬೇಡ, ದಂಟು ಸಾಕು ಅಂತ. ಎಲ್ಲಿದೆ? ಡ್ಯುಪಾಂಟ್ ಕಂಪನಿ ಅಯೋವಾದಲ್ಲಿ 2015ರಲ್ಲಿ ದೊಡ್ಡ ಘಟಕ ತೆರೆದು 2017ರಲ್ಲಿ ಬೀಗ ಹಾಕಿತು. ದಂಟಿನ ನಾರನ್ನು ಬಿಡಿಸುವುದು ಕಾಳಿನ ಪಿಷ್ಟ ಬಿಡಿಸಿದಷ್ಟು ಸುಲಭ ಅಲ್ಲ. ದಂಟನ್ನು ಹೊಲದಿಂದ ಕಟ್ಟಿ ತರುವ ಖರ್ಚೇ ಸೊಂಟ ಮುರಿಯುತ್ತದೆ.

ಅರ್ಧಕಾಳು:
ಅದಕ್ಕೂ ಮುಂಚೆ ಜಟ್ರೋಫಾ ಅಂತ ಒಂದು ಬಂದಿತ್ತು ನೆನಪಿದೆಯಾ? ಕಾಡು ಹರಳು. ನೀರು ಬೇಡ, ಗೊಬ್ಬರ ಬೇಡ, ಬಂಜರಿನಲ್ಲಿ ಡೀಸೆಲ್ ಬೆಳೆಯಿರಿ ಅಂದರು. ಬಂಜರಿನಲ್ಲಿ ಅದೂ ಬಂಜರಿನ ಹಾಗೇ ಬೆಳೆಯಿತು. ನೀರು ಕೊಟ್ಟರೆ ಕಾಯಿ ಬಿಡುತ್ತದೆ. ನೀರಿದ್ದರೆ ನಾನು ಅದನ್ನು ಯಾಕೆ ಬೆಳೆಯಲಿ?

ಟ್ಯಾಂಕ್‌ಫುಲ್:
ಇಲ್ಲಿ ಎಲ್ಲರೂ ಇದ್ದೀರಿ, ಒಂದು ಕೇಳಿಬಿಡುತ್ತೇನೆ. ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲ್ ಹಾಕಿದ ಮೇಲೆ ನನ್ನ ಬೈಕ್ ಮೈಲೇಜ್ ಬಿದ್ದಿದೆ. ನನ್ನ ಭ್ರಮೆಯಾ?

ಬಾಯ್ಲರ್‌ಭಟ್ಟ:
ಭ್ರಮೆ ಅಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ. ಇಪ್ಪತ್ತು ಪಾಲು ಬೆರೆಸಿದರೆ ನೂರಕ್ಕೆ ಆರೇಳು ಶಕ್ತಿ ಕಡಿಮೆ. ಎಥೆನಾಲ್‌ಗೆ ಆಕ್ಟೇನ್ (ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣ) ಜಾಸ್ತಿ, ಅದಕ್ಕೆಂದೇ ಎಂಜಿನ್ ಹೊಂದಿಸಿದರೆ ಸ್ವಲ್ಪ ವಾಪಸ್ ಪಡೆಯಬಹುದು. ಹಳೇ ಎಂಜಿನ್‌ಗೆ ಅದು ಗೊತ್ತಿರುವುದಿಲ್ಲ. ರಬ್ಬರ್ ಪೈಪು, ವಾಷರ್ ಒಮ್ಮೆ ನೋಡಿಸಿ.

ಟ್ಯಾಂಕ್‌ಫುಲ್:
ಹತ್ತರಲ್ಲೊಂದು ಮಾತು ನನಗೂ ಉಪಯೋಗಕ್ಕೆ ಬಂತು.

ಗ್ರಾಫ್‌ಗುಂಡಣ್ಣ:
ಬೈಕ್ ವಿಷಯಕ್ಕೆ ಬೇರೆ ಎಳೆ ಶುರು ಮಾಡಿ, ದಯವಿಟ್ಟು. ಮೇಷ್ಟ್ರ ಬೆಂಚಿಗೆ ವಾಪಸ್ ಹೋಗೋಣ. 2012ರಲ್ಲಿ ಆ ಮೂವರು ನಿಜಕ್ಕೂ ಸರಿಯಲಿಲ್ಲವಾ?

ಕೋಳಿಮನೆ:
ಸರಿಯಲಿಲ್ಲ. ಬರಗಾಲದ ವರ್ಷ ಹಲವು ರಾಜ್ಯಗಳ ಗವರ್ನರ್‌ಗಳು ಕಡ್ಡಾಯ ಮಿಶ್ರಣಕ್ಕೆ ಒಂದು ವರ್ಷ ವಿನಾಯಿತಿ ಕೊಡಿ ಅಂತ ಕೇಳಿದರು. ದನ, ಹಂದಿ, ಕೋಳಿ ಸಾಕುವವರ ಒತ್ತಾಯ ಅದರ ಹಿಂದಿತ್ತು. ಅಮೆರಿಕದ ಪರಿಸರ ಸಂಸ್ಥೆ ನವೆಂಬರ್‌ನಲ್ಲಿ ಆಗಲ್ಲ ಅಂದುಬಿಟ್ಟಿತು. ಮೊಟ್ಟೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಮೇವಿನದು. ಎಥೆನಾಲ್‌ನವರಿಗೆ ಕಾನೂನಿನ ಗಿರಾಕಿ ಇದ್ದ. ನಮಗೆ ಅಂಥ ಗಿರಾಕಿ ಯಾರೂ ಇರಲಿಲ್ಲ, "ದಿನಕ್ಕೆ ಎರಡು ಮೊಟ್ಟೆ ಕಡ್ಡಾಯ" ಅಂತ ಯಾರೂ ಕಾನೂನು ಮಾಡಲಿಲ್ಲವಲ್ಲ.

ಬಾಯ್ಲರ್‌ಭಟ್ಟ:
ಅಕ್ಕಾ, ಪೂರ್ತಿ ಸರಿಯಲಿಲ್ಲ ಅನ್ನಬೇಡಿ. 2011-12ರಲ್ಲಿ ಎಥೆನಾಲ್‌ಗೆ 5 ಬಿಲಿಯನ್ ಬುಶೆಲ್ ಹೋಗಿತ್ತು. 2012-13ರಲ್ಲಿ 4.6ಕ್ಕೆ ಇಳಿಯಿತು. ದುಬಾರಿ ಕಾಳು ಕೊಂಡು ಕುದಿಸಿದರೆ ನಷ್ಟ ಅಂತ ಎಷ್ಟೋ ಘಟಕ ನಿಂತವು.

ಪಾಠಮೇಷ್ಟ್ರು:
ಭಟ್ರು ಒಳ್ಳೆಯ ಅಂಕಿ ಕೊಟ್ಟರು, ಅದರ ಪಕ್ಕದ ಅಂಕಿ ನಾನು ಇಡುತ್ತೇನೆ. ಎಥೆನಾಲ್ ಇಳಿದದ್ದು ನೂರಕ್ಕೆ ಏಳೆಂಟು. ಅದೇ ವರ್ಷ ಅಮೆರಿಕದ ಮೆಕ್ಕೆಜೋಳದ ರಫ್ತು ಒಂದೂವರೆ ಬಿಲಿಯನ್ ಬುಶೆಲ್‌ನಿಂದ ಮುಕ್ಕಾಲು ಬಿಲಿಯನ್‌ಗಿಂತ ಕೆಳಗೆ ಬಂತು. ಅರ್ಧಕ್ಕಿಂತ ಜಾಸ್ತಿ ಕುಸಿತ. ಬೆಂಚಿನ ತುದಿಯಲ್ಲಿ ಯಾರು ಕೂತಿದ್ದರು ಅಂತ ಈಗ ಗೊತ್ತಾಯಿತಾ? ಹೊರದೇಶದಲ್ಲಿ ಕೊಳ್ಳುವವನು. ಆ ಕಾನೂನು ಮಾಡಿದವರಿಗೆ ಅವನ ಮತ ಇಲ್ಲ.

ಮಳೆಹುಚ್ಚ:
ಅವನು ಹಸಿದು ಕೂರಲಿಲ್ಲ ಮೇಷ್ಟ್ರೇ. ಆ ವರ್ಷವೇ ಬ್ರೆಜಿಲ್ ಅಮೆರಿಕವನ್ನು ಹಿಂದೆ ಹಾಕಿ ಮೆಕ್ಕೆಜೋಳ ರಫ್ತಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಒಂದು ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿ.

ಪಾಠಮೇಷ್ಟ್ರು:
ಪಕ್ಕದ ಅಂಗಡಿಯಲ್ಲಿ ಸಿಕ್ಕಿತು, 8 ಡಾಲರ್ ಪೇಟೆಯ ದರದಲ್ಲಿ. ಅದೃಷ್ಟಕ್ಕೆ ಆ ವರ್ಷ ಬ್ರೆಜಿಲ್‌ನಲ್ಲಿ ಬೆಳೆ ಬಂತು. ಎರಡೂ ಕಡೆ ಒಟ್ಟಿಗೆ ಮಳೆ ಕೈಕೊಟ್ಟಿದ್ದರೆ?

ನಾನು ಎಥೆನಾಲ್ ಬೇಡ ಅನ್ನುತ್ತಿಲ್ಲ. ಬಗ್ಗುವ ಎಥೆನಾಲ್ ಬೇಕು ಅನ್ನುತ್ತಿದ್ದೇನೆ. ಕೆಲವರು ಬಗ್ಗಿಸಿದ್ದಾರೆ. ಚೀನಾ 2007ರಲ್ಲೇ ಧಾನ್ಯದ ಹೊಸ ಎಥೆನಾಲ್ ಘಟಕಗಳಿಗೆ ತಡೆ ಹಾಕಿತು. ಉಗ್ರಾಣದಲ್ಲಿ ಹಳೇ ಮೆಕ್ಕೆಜೋಳ ಕೊಳೆಯುವಷ್ಟು ತುಂಬಿದಾಗ, 2017ರಲ್ಲಿ, ದೇಶಕ್ಕೆಲ್ಲ ಹತ್ತು ಪಾಲು ಮಿಶ್ರಣ ಅಂತ ಘೋಷಿಸಿತು. ದಾಸ್ತಾನು ಕರಗಿತು, 2020ರಲ್ಲಿ ಆ ಯೋಜನೆಯನ್ನೇ ಪಕ್ಕಕ್ಕಿಟ್ಟಿತು. ಭಾರತ 2023ರ ಜುಲೈನಲ್ಲಿ ಸರ್ಕಾರಿ ಗೋದಾಮಿನ ಅಕ್ಕಿಯನ್ನು ಎಥೆನಾಲ್‌ಗೆ ಕೊಡುವುದು ನಿಲ್ಲಿಸಿತು, ದಾಸ್ತಾನು ಉಕ್ಕಿದ ಮೇಲೆ ಮತ್ತೆ ಕೊಟ್ಟಿತು. ಯುರೋಪ್ ಒಕ್ಕೂಟ ಇನ್ನೊಂದು ದಾರಿ ಹಿಡಿಯಿತು. ಆಹಾರ ಬೆಳೆಯಿಂದ ಮಾಡಿದ ಇಂಧನ ಸಾರಿಗೆಯಲ್ಲಿ ನೂರಕ್ಕೆ 7ಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ ಅಂತ 2015ರಲ್ಲಿ ಮಿತಿ ಹಾಕಿತು.

ಬಾಯ್ಲರ್‌ಭಟ್ಟ:
ಮೇಷ್ಟ್ರೇ, ಬಗ್ಗಿಸುವುದು ಕಾಗದದ ಮೇಲೆ ಸುಲಭ. ನಾನು ಒಳಗಿದ್ದವನು. ಒಮ್ಮೆ ಒಂದು ಆದೇಶಕ್ಕೆ ನಮ್ಮ ಕಾಳು ನಿಂತಿತು. ಬಾಯ್ಲರ್ ಆರಿತು. ಸಾಲದ ಕಂತು ಆರಲಿಲ್ಲ. ಗುತ್ತಿಗೆ ಹುಡುಗರನ್ನು ಮನೆಗೆ ಕಳಿಸಿದರು. ಐದು ತಿಂಗಳ ಮೇಲೆ ಮತ್ತೆ ಶುರು ಮಾಡಿದಾಗ ಕೆಲಸ ಗೊತ್ತಿದ್ದ ಅರ್ಧ ಜನ ವಾಪಸ್ ಬರಲಿಲ್ಲ. ಇವತ್ತು ಹೌದು ನಾಳೆ ಇಲ್ಲ ಅಂದರೆ ಘಟಕಕ್ಕೆ ದುಡ್ಡು ಹಾಕುವವರು ಯಾರು? ಅದನ್ನೇ ನಂಬಿ ಮೆಕ್ಕೆಜೋಳ ಬಿತ್ತಿದವನ ಗತಿ ಏನು?

ಅರ್ಧಕಾಳು:
ಭಟ್ರು ಹೇಳಿದ್ದು ಸರಿ. ಬಿತ್ತಿದ ಮೇಲೆ ನಿಯಮ ಬದಲಾದರೆ ನಾನು ಕಾಳನ್ನು ಮಣ್ಣಿನೊಳಗಿಂದ ವಾಪಸ್ ಕರೆಯಲು ಆಗುವುದಿಲ್ಲ.

ಪಾಠಮೇಷ್ಟ್ರು:
ಅದಕ್ಕೇ ನಿಯಮವನ್ನು ಮೊದಲೇ ಬರೆದಿಡಿ ಅನ್ನುತ್ತೇನೆ. ದಾಸ್ತಾನು ಇಂತಿಷ್ಟು ಪಾಲಿಗಿಂತ ಇಳಿದರೆ ಮಿಶ್ರಣ ತಾನಾಗಿ ಇಷ್ಟು ಇಳಿಯುತ್ತದೆ, ದಾಸ್ತಾನು ತುಂಬಿದರೆ ಇಷ್ಟು ಏರುತ್ತದೆ. ಬಿತ್ತುವ ಮುಂಚೆಯೇ ಎಲ್ಲರಿಗೂ ಗೊತ್ತಿರಲಿ. ಯಾವ ಮಂತ್ರಿಯ ಮನೆ ಬಾಗಿಲೂ ತಟ್ಟುವುದು ಬೇಡ. ಬ್ರೆಜಿಲ್‌ನ ಸಕ್ಕರೆ ಕಾರ್ಖಾನೆಗಳು ಒಂದೇ ಕಬ್ಬಿನಿಂದ ಸಕ್ಕರೆ ಜಾಸ್ತಿ ಮಾಡಬೇಕೋ ಎಥೆನಾಲ್ ಜಾಸ್ತಿ ಮಾಡಬೇಕೋ ಅಂತ ಬೆಲೆ ನೋಡಿ ಹೊಂದಿಸಿಕೊಳ್ಳುತ್ತವೆ. 2003ರಿಂದ ಅಲ್ಲಿ ಎರಡೂ ಇಂಧನಕ್ಕೆ ಓಡುವ ಕಾರುಗಳಿವೆ, ಗಿರಾಕಿಯೂ ಬಂಕ್‌ನಲ್ಲಿ ದರ ನೋಡಿ ತುಂಬಿಸುತ್ತಾನೆ. ಬಗ್ಗುವ ಗುಣ ಎರಡೂ ತುದಿಯಲ್ಲಿದೆ.

ಮಳೆಹುಚ್ಚ:
ಅದೇ ಬ್ರೆಜಿಲ್‌ನಲ್ಲಿ 1989ರಲ್ಲಿ ಎಥೆನಾಲ್ ಸಿಗದೆ ಬಂಕ್ ಮುಂದೆ ಸಾಲು ನಿಂತಿತ್ತು. ಆಗಿನ ಎಷ್ಟೋ ಕಾರು ಎಥೆನಾಲ್ ಒಂದಕ್ಕೇ ಓಡುತ್ತಿದ್ದವು. ಕೈ ಸುಟ್ಟುಕೊಂಡೇ ಕಲಿತದ್ದು.

ಹಸಿರುಗಣ್ಣು:
ವಿದ್ಯುತ್ ಗಾಡಿ ಜಾಸ್ತಿಯಾದರೆ ಈ ಇಡೀ ಚರ್ಚೆಯೇ ಹಳಸುತ್ತದೆ, ನೋಡುತ್ತಿರಿ.

ಸಂತೆಮಾತು:
ಆಗ ಎಥೆನಾಲ್‌ನವರು ವಿಮಾನ ಹತ್ತುತ್ತಾರೆ. ಎಥೆನಾಲ್‌ನಿಂದ ವಿಮಾನದ ಇಂಧನ ಮಾಡುತ್ತೇವೆ ಅಂತ ಈಗಾಗಲೇ ಹೊರಟಿದ್ದಾರೆ. ಬೆಂಚು ಮೇಲಕ್ಕೆ ಹೋಯಿತು, ಅಷ್ಟೇ.

ಗ್ರಾಫ್‌ಗುಂಡಣ್ಣ:
ಗ್ರಾಫ್ ಬದಲಿಸಿದ್ದೇನೆ. ಮೇಲೆ ಧಾರಣೆ, ಕೆಳಗೆ ದಾಸ್ತಾನಿನ ಗೆರೆ, ಅದರ ಕೆಳಗೆ ಎಥೆನಾಲ್‌ಗೆ ಹೋದದ್ದು. ಕೆಳಗಿನ ಗೆರೆ 2010ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಆಮೇಲೆ ಬಹುತೇಕ ಚಪ್ಪಟೆ. ಏರುತ್ತಿದ್ದ ವರ್ಷಗಳಲ್ಲಿ ಅದು ಏಣಿ. ಚಪ್ಪಟೆಯಾದ ಮೇಲೆ ನೆಲ. ಬರ ಬಂದ ವರ್ಷ ಸರಿಯದ ಬೆಂಚು. ಶೀರ್ಷಿಕೆಯಲ್ಲಿ ಎರಡೇ ಆಯ್ಕೆ ಕೊಟ್ಟಿದ್ದು ನನ್ನ ತಪ್ಪು. ಅರ್ಧಕಾಳು ಹೇಳಿದ ಗುತ್ತಿಗೆಯ ಗೆರೆಯನ್ನೂ ಹಾಕಬೇಕು, ಅಂಕಿ ಒಟ್ಟು ಮಾಡುತ್ತಿದ್ದೇನೆ.

ಅರ್ಧಕಾಳು:
ಹಾಕಿ. ಪ್ರಿಂಟ್ ತೆಗೆದು ನನ್ನ ಮಾಲೀಕನಿಗೆ ಕೊಡುತ್ತೇನೆ. ಕಿವಿ ಕೇಳಿಸದಿದ್ದರೂ ಕಣ್ಣು ಕಾಣಿಸುತ್ತದೆ.

ಕೋಳಿಮನೆ:
ಭಟ್ರೇ, ಹೋಗುವ ಮುಂಚೆ ಒಂದು. ನಾಳೆ ಡಿಡಿಜಿಎಸ್ ಲೋಡ್ ಬರುತ್ತಿದೆ. ಕಣ್ಣಲ್ಲೇ ಏನು ನೋಡಬೇಕು?

ಬಾಯ್ಲರ್‌ಭಟ್ಟ:
ಬಣ್ಣ ನೋಡಿ. ಹೊಂಬಣ್ಣ ಇದ್ದರೆ ಪರವಾಗಿಲ್ಲ. ಕಾಫಿಪುಡಿ ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಡ್ರೈಯರ್‌ನಲ್ಲಿ ಜಾಸ್ತಿ ಕಾಯಿಸಿದ್ದಾರೆ, ಪ್ರೋಟೀನಿನ ಮುಖ್ಯ ಅಂಶ ಲೈಸಿನ್ ಹಾಳಾಗಿರುತ್ತದೆ, ಕೋಳಿಗೆ ದಕ್ಕುವುದಿಲ್ಲ. ಬೂಷ್ಟಿನ ವಿಷ ಮಾತ್ರ ಕಣ್ಣಿಗೆ ಕಾಣುವುದಿಲ್ಲ ಅಕ್ಕಾ. ಲಾರಿಯ ಮೇಲೆ, ಮಧ್ಯೆ, ತಳದಿಂದ ಮೂರು ಕಡೆ ಸ್ಯಾಂಪಲ್ ತೆಗೆಸಿ ಟೆಸ್ಟ್‌ಗೆ ಕಳಿಸಿ. ರಿಪೋರ್ಟ್ ಬರುವವರೆಗೆ ಚೀಲ ಬಿಚ್ಚಬೇಡಿ.